ನಾಲ್ಕು ಹಿಮ್ಮಡಿಗಳು

ಮನುಷ್ಯನ ಅವಯವಗಳಲ್ಲಿ ಕವಿಗಳ ಕೈಯಲ್ಲಿ ಅತ್ಯಂತ ಅನ್ಯಾಯಕ್ಕೆ ಒಳಗಾದದ್ದು ಯಾವುದೆಂದು ಯಾರಾದರೂ ಕೇಳಿದರೆ, ಹಿಮ್ಮಡಿ ಎಂದು ನಾನು ಹಿಂದುಮುಂದು ನೋಡದೆ ಹೇಳುತ್ತೇನೆ. ಕಣ್ಣನ್ನು ಹೊಗಳಲು ಕಮಲ, ಮೀನು, ಜಿಂಕೆ ಎಲ್ಲವೂ ಸಾಲುಗಟ್ಟಿ ಬಂದುವು. ಮುಖಕ್ಕೆ ಚಂದ್ರನೇ ಇಳಿದು ಬಂದ. ಪಾದಕ್ಕೂ ಒಂದು ಕಮಲ ದಕ್ಕಿತೆನ್ನಿ. ಆದರೆ ಆ ಪಾದ ದೇವರದೋ ಗುರುಗಳದೋ ಆಗಿರಬೇಕು. ಇಡೀ ದೇಹದ ಭಾರವನ್ನು ಹೆಜ್ಜೆಹೆಜ್ಜೆಗೂ ಮೊದಲು ಹೊರುವ ಹಿಮ್ಮಡಿಗೆ ಒಂದು ಉಪಮಾನವನ್ನಾದರೂ ಕೊಡೋಣವೆಂದು ಯಾರಿಗೂ ತೋರಿದಂತಿಲ್ಲ.

ಜನರ ಮಾತು ಈ ವಿಷಯದಲ್ಲಿ ಕಾವ್ಯಕ್ಕಿಂತ ಉದಾರವಾದದ್ದು. ಓಡಿಹೋದವನು ಕಾಲಿಗೆ ಬುದ್ಧಿ ಹೇಳಿದನೆನ್ನುತ್ತೇವೆ. ಬುದ್ಧಿ ತಲೆಯಲ್ಲಿರುವುದೆಂಬ ಪಂಡಿತರ ಮತವನ್ನು ಈ ನುಡಿ ಲೆಕ್ಕಕ್ಕೇ ಇಟ್ಟಿಲ್ಲ. ಜಗಳಕ್ಕೆ ಕಾಲು ಕೆರೆಯಬೇಕು, ಸಾಲಕ್ಕೆ ಕಾಲು ಹಿಡಿಯಬೇಕು, ಸೊಸೆಗೆ ಕಾಲ್ಗುಣ ಚೆನ್ನಾಗಿರಬೇಕು. ಪುರಾಣಗಳಿಗೂ ಈ ಸ್ಥಳದ ಮಹತ್ವ ಗೊತ್ತಿತ್ತು. ಗ್ರೀಕರ ವೀರ ಅಕಿಲೀಸನಿಗೆ ಸಾವು ಬಂದದ್ದು ಹಿಮ್ಮಡಿಯ ದಾರಿಯಿಂದ. ನಮ್ಮ ಕೃಷ್ಣ ಮಹಾಭಾರತದ ಅಷ್ಟೊಂದು ಬಾಣಗಳ ನಡುವೆ ರಥ ಹೊಡೆದು ಬದುಕಿ ಬಂದವನು, ಕೊನೆಗೆ ಜರನೆಂಬ ಬೇಡ ಬಿಟ್ಟ ಬಾಣವನ್ನು ಅಂಗಾಲಿನಲ್ಲಿ ತೆಗೆದುಕೊಂಡ. ಆ ಬೇಡನ ಹೆಸರಿನ ಅರ್ಥ ಮುಪ್ಪು ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮುಪ್ಪು ಮೊದಲು ಗುರಿಯಿಡುವುದು ಕಾಲಿಗೆ ಎಂಬುದು ಮಾತ್ರ ಮನೆಯಲ್ಲೇ ತಿಳಿಯಬೇಕಾಯಿತು.

ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ನಾಲ್ಕು ಹಿಮ್ಮಡಿಗಳಿವೆ. ಎರಡು ನನ್ನವು, ನಲವತ್ತಾರು ವರ್ಷದವು. ಎರಡು ಅಮ್ಮನವು, ಎಪ್ಪತ್ತಮೂರು ವರ್ಷದವು. ಅಪ್ಪ ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯಲ್ಲಿದ್ದವರು. ತುಮಕೂರಿನ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಮನೆ ಕಟ್ಟಿದರು. ಅವರು ಹೋಗಿ ಐದು ವರ್ಷವಾಯಿತು. ಈಗ ಮನೆಯಲ್ಲಿ ನಾನು, ಅಮ್ಮ, ಎರಡು ಕೋಣೆ ತುಂಬ ಪುಸ್ತಕ. ಎರಡು ವರ್ಷದ ಹಿಂದೆ ಒಂದೇ ಮಳೆಗಾಲದಲ್ಲಿ ಈ ನಾಲ್ಕು ಹಿಮ್ಮಡಿಗಳೂ ಸುದ್ದಿಗೆ ಬಂದುವು. ನನ್ನವು ನೋಯತೊಡಗಿದುವು, ಅಮ್ಮನವು ನೋಯುವುದನ್ನು ನಿಲ್ಲಿಸಿದುವು. ನಾನು ದಪ್ಪವಾದೆ, ಅಮ್ಮ ತೆಳ್ಳಗಾದರು. ನೆರೆಹೊರೆಯವರು ನನಗೆ ಮರುಕ ತೋರಿಸಿದರು, ಅಮ್ಮನನ್ನು ಅಭಿನಂದಿಸಿದರು.

ಮೊದಲು ನನ್ನದನ್ನು ಹೇಳಿ ಮುಗಿಸುತ್ತೇನೆ, ಅದು ಸಾಮಾನ್ಯವಾದ ರೋಗ. ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಯೊಳಗೆ ಮೊಳೆ ಹೊಡೆದಂತಾಗುವುದು. ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದು. ಕಾಲೇಜಿನಲ್ಲಿ ನಾಲ್ಕು ಗಂಟೆ ನಿಂತು ಪಾಠ ಹೇಳಿ, ಕುಳಿತು ಎದ್ದರೆ ಮತ್ತೆ ಅದೇ ಮೊಳೆ. ವೈದ್ಯರು ಇದನ್ನು ಪ್ಲಾಂಟಾರ್ ಫೇಶಿಯೈಟಿಸ್ ಎಂದರು. ಹೆಸರು ಘೋರವಾಗಿದ್ದರೂ ಒಳಗಿನ ಸಂಗತಿ ಸರಳ. ಪಾದವೆಂಬುದು 26 ಮೂಳೆಗಳನ್ನು ಜೋಡಿಸಿದ ಒಂದು ಬಿಲ್ಲು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಅದು ಬಿಲ್ಲಿನ ಹೆದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡಿರುವುದರಿಂದ ಹೆದೆ ಬಿಗಿದು ಗಿಡ್ಡವಾಗುತ್ತದೆ. ಬೆಳಗ್ಗೆ ನಾವು ಒಮ್ಮೆಗೇ ಮೈಭಾರವನ್ನೆಲ್ಲ ಅದರ ಮೇಲೆ ಹೇರಿದರೆ, ಸವೆದ ಕಡೆ ಎಳೆ ಚುಳುಕೆನ್ನುತ್ತದೆ. ಇದು ಬಹುಮಟ್ಟಿಗೆ ಉರಿಯೂತವೂ ಅಲ್ಲವಂತೆ, ಸವೆತವಂತೆ. ಎಕ್ಸ್-ರೇಯಲ್ಲಿ ಹಿಮ್ಮಡಿಯ ಮೂಳೆಯಿಂದ ಮುಳ್ಳಿನಂಥದೊಂದು ಮೊಳೆತಿರುವುದು ಕಂಡಿತು. ನಾನು ಗಾಬರಿಯಾದೆ. ವೈದ್ಯರು ನಕ್ಕು, ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಇಂಥ ಮುಳ್ಳಿದೆ, ಅದನ್ನು ಅದರ ಪಾಡಿಗೆ ಬಿಡಿ ಎಂದರು.

ಇದಕ್ಕೆ ನೆರೆಯವರು ಹೇಳಿದ ಔಷಧಗಳನ್ನು ಬರೆದರೆ ಈ ಪುರವಣಿಯ ಪುಟ ಸಾಲದು. ಕಾದ ಇಟ್ಟಿಗೆಯ ಮೇಲೆ ಎಕ್ಕದೆಲೆ ಹಾಸಿ ಅದರ ಮೇಲೆ ಹಿಮ್ಮಡಿ ಊರುವುದು ಇವುಗಳಲ್ಲಿ ಅಗ್ರಗಣ್ಯ. ಹರಳೆಣ್ಣೆಯವರ ಒಂದು ಪಂಗಡ, ಉಪ್ಪುನೀರಿನವರ ಒಂದು ಪಂಗಡ. ಅಂಗಡಿಯವನೊಬ್ಬ ಅಯಸ್ಕಾಂತ ಹುದುಗಿಸಿದ ಅಟ್ಟೆಯೊಂದನ್ನು ನನ್ನ ಅರ್ಧ ವಾರದ ಸಂಬಳಕ್ಕೆ ಮಾರಲು ಬಹಳ ಶ್ರಮಪಟ್ಟ. ವೈದ್ಯರು ಹೇಳಿದ್ದು ಇವೆಲ್ಲಕ್ಕಿಂತ ಅಗ್ಗವಾಗಿತ್ತು, ಆದ್ದರಿಂದ ನಂಬುವುದು ಸ್ವಲ್ಪ ಕಷ್ಟವಾಯಿತು. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಮೀನಖಂಡವನ್ನು ಎಳೆಯುವುದು. ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ಓಡಾಡದಿರುವುದು. ಮೈ ಇಳಿಸುವುದು. ‘ಮುಕ್ಕಾಲು ಮೂರುವೀಸ ಜನಕ್ಕೆ ಇಷ್ಟರಲ್ಲೇ ವಾಸಿಯಾಗುತ್ತೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ವರ್ಷ. ಬೇಸರ ಮಾಡಿಕೊಳ್ಳಬೇಡಿ ಮೇಡಂ’ ಎಂದರು.

ಮೈಯ ಲೆಕ್ಕ ಹೀಗಿತ್ತು. ನಾಲ್ಕು ವರ್ಷದಲ್ಲಿ 61 ಕಿಲೋ ಇದ್ದವಳು 70 ಆಗಿದ್ದೆ. ಎತ್ತರ 158 ಸೆಂಟಿಮೀಟರು. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ 28 ಬರುತ್ತದೆ. ನಮ್ಮ ದೇಶದವರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಗೆರೆ ಎಳೆದಿದ್ದಾರೆ. ಪಶ್ಚಿಮದವರಿಗಿಂತ ನಮ್ಮ ಗೆರೆ ಕೆಳಗಿದೆ, ಏಕೆಂದರೆ ಅಷ್ಟೇ ತೂಕದಲ್ಲಿ ನಮ್ಮ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು. ನಾನು ಲೆಕ್ಕದ ಮೇಷ್ಟರಲ್ಲ. ಆದರೂ ಒಂದು ರಾತ್ರಿ ಕಾಗದದ ಮೇಲೆ ಗುಣಿಸಿ ನೋಡಿದೆ. ದಿನಕ್ಕೆ ಐದು ಸಾವಿರ ಹೆಜ್ಜೆ, ಹೆಜ್ಜೆಗೆ 9 ಕಿಲೋ ಹೆಚ್ಚುವರಿ. ಸಂಜೆಯೊಳಗೆ ನನ್ನ ಪಾದಗಳು ಕೂಲಿಯಿಲ್ಲದೆ 45 ಟನ್ ಹೊತ್ತಿದ್ದುವು. ಇದರ ಮೇಲೆ ಒಂದು ವಿಷಚಕ್ರ. ಕಾಲು ನೋಯುತ್ತದೆಂದು ನಡೆಯುವುದನ್ನು ಬಿಡುತ್ತೇವೆ. ನಡೆಯದೆ ಮೈ ಬರುತ್ತದೆ. ಮೈ ಬಂದು ಕಾಲು ನೋಯುತ್ತದೆ. ಈ ಚಕ್ರವನ್ನು ಎಲ್ಲಿ ಮುರಿಯಬೇಕೆಂದು ಕೇಳಿದರೆ, ಊಟದ ತಟ್ಟೆಯಲ್ಲಿ ಎಂದರು ವೈದ್ಯರು. ಅನ್ನದ ರಾಶಿ ಅರ್ಧವಾಯಿತು. ಸ್ಟಾಫ್ ರೂಮಿನ ಮೂರು ಲೋಟ ಕಾಫಿಯ ಸಕ್ಕರೆ ಹೋಯಿತು. ಇದನ್ನು ಬರೆಯುವಾಗಲೂ ದುಃಖವಾಗುತ್ತದೆ, ಮುಂದೆ ಹೋಗೋಣ.

ಅಮ್ಮನ ವಿಷಯ ಇಷ್ಟು ಹಗುರವಾದದ್ದಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷ. ಮೊದಲೆಲ್ಲ ರಾತ್ರಿ ಅಂಗಾಲು ಉರಿಯುತ್ತದೆಂದು ಒದ್ದಾಡುತ್ತಿದ್ದರು. ಹಿಮ್ಮಡಿ ಒಡೆದು ನೋಯುತ್ತಿತ್ತು. ಆ ವರ್ಷ ಅವರ ದೂರು ನಿಂತಿತು. ‘ಈಗ ಏನೂ ನೋವಿಲ್ಲ ಕಣೇ, ದೇವರ ದಯ’ ಎನ್ನುತ್ತಿದ್ದರು. ಅದೇ ಸಮಯಕ್ಕೆ 62 ಕಿಲೋ ಇದ್ದವರು ಎಂಟು ತಿಂಗಳಲ್ಲಿ 56 ಆಗಿದ್ದರು. ‘ಈ ವಯಸ್ಸಿನಲ್ಲಿ ಹೇಗೆ ಇಳಿಸಿಬಿಟ್ಟಿದ್ದಾರೆ ನೋಡಿ! ನೀವೂ ನಿಮ್ಮಮ್ಮನ್ನ ನೋಡಿ ಕಲೀಬೇಕು’ ಎಂದು ಎದುರು ಮನೆಯವರು ನನಗೇ ಬುದ್ಧಿ ಹೇಳಿದರು. ಅಮ್ಮ ಸ್ವಲ್ಪ ನಾಚಿಕೊಂಡು ರವಿಕೆಗಳನ್ನು ಹೊಲಿಗೆ ಹಿಡಿಸಲು ಕೊಟ್ಟರು.

ಒಂದು ಭಾನುವಾರ ಮಧ್ಯಾಹ್ನ, ನನ್ನ ಹಿಮ್ಮಡಿಗೆಂದು ಕಾಯಿಸಿದ ಉಪ್ಪುನೀರಿನಲ್ಲಿ ಅಮ್ಮ ತಾವೂ ಕಾಲಿಟ್ಟು ಕುಳಿತು ಧಾರಾವಾಹಿ ನೋಡಿದ್ದಾರೆ. ನಾನು ಆ ದಿನ ಉತ್ತರಪತ್ರಿಕೆ ತಿದ್ದಲು ಹೊರಗೆ ಹೋಗಿದ್ದೆ. ಸಂಜೆ ಬಂದಾಗ ಅವರ ಎಡಗಾಲಿನ ಮೇಲೆ ಎರಡು ದೊಡ್ಡ ಬೊಬ್ಬೆಗಳೆದ್ದಿದ್ದುವು. ಒಂದು ಆಗಲೇ ಒಡೆದು, ನಡೆದ ಕಡೆಯೆಲ್ಲ ಟೈಲಿನ ಮೇಲೆ ಒದ್ದೆಯ ಗುರುತಿತ್ತು. ‘ಏನಮ್ಮಾ ಇದು!’ ಎಂದರೆ ಅಮ್ಮ ಬಗ್ಗಿ ನೋಡಿ, ಬೇರೆ ಯಾರದೋ ಕಾಲನ್ನು ನೋಡಿದಂತೆ, ‘ಅಯ್ಯೋ, ಯಾವಾಗ ಆಯ್ತೇ ಇದು?’ ಎಂದರು. ನನಗೆ ಭಯವಾದದ್ದು ಆ ಗಾಯವನ್ನು ನೋಡಿಯಲ್ಲ, ಆ ಪ್ರಶ್ನೆಯನ್ನು ಕೇಳಿ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಒಂದು ನೈಲಾನ್ ಎಳೆಯನ್ನು ತಂದರು. ನೋಡಲು ಮೀನು ಹಿಡಿಯುವ ದಾರದ ತುಂಡಿನಂತಿದೆ. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಅದನ್ನು ಮಾಡಿರುತ್ತಾರೆ. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಅಂಗಾಲಿನ ಬೇರೆ ಬೇರೆ ಕಡೆ ಅದನ್ನು ತಾಗಿಸಿ, ತಾಗಿದಾಗ ಹೂಂ ಎನ್ನಿ ಎಂದರು. ಹೆಬ್ಬೆರಳಿಗೆ ತಾಗಿಸಿದರು. ಅಮ್ಮ ಸುಮ್ಮನಿದ್ದರು. ಬೆರಳಿನ ಬುಡಕ್ಕೆ ತಾಗಿಸಿದರು. ಸುಮ್ಮನೆ. ಹಿಮ್ಮಡಿಗೆ ತಾಗಿಸಿದರು. ಅಮ್ಮ ಕಣ್ಣು ಮುಚ್ಚಿಕೊಂಡೇ, ‘ಶುರು ಮಾಡಿ ಡಾಕ್ಟ್ರೇ’ ಎಂದರು.

ಬಹುಕಾಲದ ಸಕ್ಕರೆಯಿಂದ ಕಾಲಿನ ನರಗಳು ಬೆರಳ ತುದಿಯಿಂದ ಮೇಲಕ್ಕೆ ಸಾಯುತ್ತ ಬರುತ್ತವೆ. ಮೊದಲು ಉರಿ, ಜುಮ್ಮು; ಆಮೇಲೆ ಮೌನ. ಆ ಮೌನವನ್ನು ನಾವು ಗುಣವೆಂದು ತಿಳಿಯುತ್ತೇವೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಡಿದರೂ, ದೇವಸ್ಥಾನದ ಕಾದ ಕಲ್ಲು ಸುಟ್ಟರೂ ತಿಳಿಯದು. ತಿಳಿಯದ ಗಾಯ ಕೀವಾಗಿ, ರಕ್ತದ ಓಟವೂ ಕಡಿಮೆಯಿದ್ದರೆ, ಬೆರಳು ಹೋಗುತ್ತದೆ, ಪಾದ ಹೋಗುತ್ತದೆ.

ಈ ಸಂದರ್ಭದಲ್ಲಿ ಪಾಲ್ ಬ್ರಾಂಡ್ ಎಂಬ ವೈದ್ಯರ ವಿಷಯ ಹೇಳಲೇಬೇಕು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಇಂಗ್ಲಿಷರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ಕುಷ್ಠದಲ್ಲಿ ಮಾಂಸ ತಾನಾಗಿ ಕೊಳೆತು ಬೆರಳು ಉದುರುತ್ತದೆಂದು ಲೋಕವೆಲ್ಲ ನಂಬಿದ್ದಾಗ, ಹಾಗಲ್ಲ, ನೋವು ತಿಳಿಯದ್ದರಿಂದ ರೋಗಿಯೇ ಅರಿವಿಲ್ಲದೆ ಬೆರಳನ್ನು ಸುಟ್ಟು, ಜಜ್ಜಿ, ಸವೆಸಿಕೊಳ್ಳುತ್ತಾನೆ ಎಂಬುದನ್ನು ತೋರಿಸಿಕೊಟ್ಟರು. ನೋವು ಒಂದು ಕಾವಲುಗಾರ ಎಂಬುದು ಅವರ ಜೀವಮಾನದ ವಾದ. 1993ರಲ್ಲಿ ಅದನ್ನೇ ಒಂದು ಪುಸ್ತಕವಾಗಿ ಬರೆದರು, 2003ರಲ್ಲಿ ತೀರಿಕೊಂಡರು. ಸ್ಪರ್ಶವಿಲ್ಲದ ಪಾದಗಳಿಗೆ ಎಂಥ ಚಪ್ಪಲಿ ಬೇಕೆಂದು ಅವರೂ ಜೊತೆಗಾರರೂ ವೆಲ್ಲೂರಿನಲ್ಲಿ ತಲೆ ಕೆಡಿಸಿಕೊಂಡಿದ್ದರು. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರಿನ ಅಟ್ಟೆ, ಎಂ.ಸಿ.ಆರ್. ಎಂದು ಈಗ ಹೆಸರಾಗಿರುವುದು, ನಮ್ಮ ದೇಶದಲ್ಲಿ ಕುಷ್ಠರೋಗಿಗಳ ಪಾದಕ್ಕಾಗಿ ಬಂದು ಆಮೇಲೆ ಸಕ್ಕರೆ ಕಾಯಿಲೆಯವರ ಪಾದಕ್ಕೂ ಒದಗಿತು. ವೈದ್ಯರು ಅಮ್ಮನಿಗೆ ಬರೆದುಕೊಟ್ಟದ್ದು ಅದನ್ನೇ. ಹಿಂದೆ ಪಟ್ಟಿಯಿರಬೇಕು, ಬೆರಳ ಸಂದಿಯಲ್ಲಿ ಉಂಗುಷ್ಠ ಇರಬಾರದು, ಮನೆಯ ಒಳಗೂ ಹೊರಗೂ ಬರಿಗಾಲು ಕೂಡದು. ನನ್ನ ವೈದ್ಯರು ನನಗೆ ಹೇಳಿದ್ದೂ ಇದೇ ಅಲ್ಲವೆ? ನೋಯುವ ಕಾಲಿಗೂ ನೋಯದ ಕಾಲಿಗೂ ಒಂದೇ ಶಾಸನ.

‘ಮನೆಯ ಒಳಗೂ’ ಎಂಬ ಮಾತಿಗೆ ಅಮ್ಮ ಎದ್ದು ನಿಂತರು. ಗಾಯ, ಸುಟ್ಟದ್ದು, ನೈಲಾನ್ ಎಳೆ ಯಾವುದೂ ಅವರನ್ನು ಇಷ್ಟು ಕದಲಿಸಿರಲಿಲ್ಲ. ‘ಹೊಸ್ತಿಲು ದಾಟಿ ಚಪ್ಪಲಿ ತರೋದೇ! ಅಡಿಗೆಮನೆಗೆ! ದೇವರ ಮುಂದೆ!’ ಅಮ್ಮನನ್ನು ನಾನು ದೂರುವುದಿಲ್ಲ. ಅವರು ಹುಟ್ಟಿದ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು; ಅಂಗಾಲಿಗೆ ಅದಕ್ಕಿಂತ ಒಳ್ಳೆಯ ಹಾಸು ಯಾವ ಕಂಪನಿಯೂ ಮಾಡಲಾರದು. ಅಪ್ಪ ಕಟ್ಟಿದ ಮನೆಗೆ ಕೆಂಪು ಗಾರೆ ಬಂತು. ಹತ್ತು ವರ್ಷದ ಹಿಂದೆ ಅದನ್ನು ಕಿತ್ತು, ಮುಖ ಕಾಣುವಂಥ ಟೈಲು ಹಾಕಿಸಿದೆವು. ನೆಲ ಕಲ್ಲಾಯಿತು, ಆಚಾರ ಮಣ್ಣಿನ ಕಾಲದ್ದೇ ಉಳಿಯಿತು. ಮುಪ್ಪಿನಲ್ಲಿ ಹಿಮ್ಮಡಿಯ ಕೆಳಗಿರುವ ಕೊಬ್ಬಿನ ಮೆತ್ತೆಯೂ ತೆಳುವಾಗುತ್ತದೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ. ಬೆಂಗಳೂರಿನ ಹಿಮ್ಮಡಿಗಳ ಅರ್ಧ ಕಥೆ ಇಲ್ಲೇ ಇದೆಯೆಂದು ನನ್ನ ಅನುಮಾನ.

ನಾನು ಎಂ.ಎ. ಓದಿದ್ದು ವ್ಯರ್ಥವಾಗಬಾರದೆಂದು ರಾಮಾಯಣವನ್ನು ತಂದೆ. ‘ಇದು ಚಪ್ಪಲಿಯಲ್ಲಮ್ಮ, ಪಾದುಕೆ. ಭರತ ಸಿಂಹಾಸನದ ಮೇಲೇ ಇಟ್ಟಿದ್ದ’ ಎಂದೆ.

‘ಇಟ್ಟಿದ್ದ. ಹಾಕ್ಕೊಂಡು ಅಡಿಗೆಮನೆಗೆ ಹೋಗಿದ್ದನೇನೆ?’ ಎಂದರು ಅಮ್ಮ.

ಅವರನ್ನು ಒಪ್ಪಿಸಿದವರು ದುರ್ಗಾಪರಮೇಶ್ವರಿ ದೇವಸ್ಥಾನದಲ್ಲಿ ಸಿಗುವ ಅವರ ಗೆಳತಿಯೊಬ್ಬರು. ಗಾಯ ನೋಡಲು ಮನೆಗೆ ಬಂದವರು, ಏನೂ ಮಾತಾಡದೆ ತಮ್ಮ ಬಲಗಾಲಿನ ಕಾಲುಚೀಲ ತೆಗೆದು ತೋರಿಸಿದರು. ಎರಡು ಬೆರಳುಗಳಿರಲಿಲ್ಲ. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಪಕ್ಕದಲ್ಲಿ ಕೂತು ಲಲಿತಾ ಸಹಸ್ರನಾಮ ಹೇಳಿದವರ ಕಾಲಿನ ಸುದ್ದಿ ಅಮ್ಮನಿಗೆ ತಿಳಿದಿರಲಿಲ್ಲ. ‘ಬೇಸಿಗೇಲಿ ಪ್ರದಕ್ಷಿಣೆ ಬಂದಿದ್ದೆ ಕಣ್ರೀ, ಅಷ್ಟೇ’ ಎಂದರು ಆಕೆ. ಆ ವಾರ ಒಂದು ಜೊತೆ ಎಂ.ಸಿ.ಆರ್. ಚಪ್ಪಲಿ ಮನೆಗೆ ಬಂತು. ಹೊಸ್ತಿಲ ಆಚೆಗೆ ಎಂದೂ ಹೋಗಬಾರದೆಂಬ ಷರತ್ತಿನ ಮೇಲೆ, ಅರಿಸಿನದ ನೀರು ಚಿಮುಕಿಸಿಕೊಂಡು, ಅಡಿಗೆಮನೆಗೆ ಪ್ರವೇಶ ಪಡೆಯಿತು. ದೇವರ ಮನೆಗೆ ಮಾತ್ರ ಇಲ್ಲ. ಅಲ್ಲಿ ದಪ್ಪನೆಯ ಚಾಪೆಯಿದೆ, ದಪ್ಪನೆಯ ಕಾಲುಚೀಲವಿದೆ. ವೈದ್ಯರು ಈ ರಾಜಿಗೆ ಸಹಿ ಹಾಕಿದ್ದಾರೆ. ದೇವಸ್ಥಾನಕ್ಕೆ ಈಗ ಬೆಳಗ್ಗೆ ಏಳರೊಳಗೆ ಹೋಗುತ್ತಾರೆ, ಕಲ್ಲು ಕಾಯುವ ಮೊದಲು.

ಇನ್ನು ತೂಕದ ವಿಚಾರ. ಎದುರು ಮನೆಯವರು ಮೆಚ್ಚಿದ ಆರು ಕಿಲೋವನ್ನು ವೈದ್ಯರು ಮೆಚ್ಚಲಿಲ್ಲ. ವಯಸ್ಸಾದವರು ಬಯಸದೆಯೇ ಆರು ತಿಂಗಳಿಂದ ವರ್ಷದೊಳಗೆ ನೂರಕ್ಕೆ ಐದರಷ್ಟು ಇಳಿದರೂ ಕಾರಣ ಹುಡುಕಬೇಕಂತೆ. ಅಮ್ಮ ಹತ್ತಿರ ಹತ್ತರಷ್ಟು ಇಳಿದಿದ್ದರು. ಥೈರಾಯ್ಡ್, ಕ್ಷಯ, ಹೊಟ್ಟೆ, ಗಡ್ಡೆ, ಮಾತ್ರೆಗಳ ಅಡ್ಡಪರಿಣಾಮ ಎಂದು ಮೂರು ವಾರ ಒಂದೊಂದನ್ನೇ ನೋಡಿದರು. ಆ ಮೂರು ವಾರ ನಾನು ತರಗತಿಯಲ್ಲಿ ಏನು ಪಾಠ ಹೇಳಿದೆನೋ ನನ್ನ ವಿದ್ಯಾರ್ಥಿಗಳನ್ನೇ ಕೇಳಬೇಕು. ಎಲ್ಲವೂ ಸರಿಯಾಗಿದ್ದುವು. ಕೊನೆಗೆ ಕಾರಣ ಸಿಕ್ಕಿದ್ದು ಬಾಯಿಯಲ್ಲಿ. ಕಟ್ಟಿಸಿದ ಹಲ್ಲು ಸಡಿಲವಾಗಿ ವಸಡು ಕಚ್ಚುತ್ತಿತ್ತು. ನನಗೆ ತಿಳಿದರೆ ಖರ್ಚೆಂದು ಹೇಳಿರಲಿಲ್ಲ. ಮುದ್ದೆಗೆ ಹಲ್ಲು ಬೇಡ. ಆದ್ದರಿಂದ ಎರಡು ಹೊತ್ತೂ ಸಣ್ಣದೊಂದು ಮುದ್ದೆ, ತಿಳಿಸಾರು. ಕಾಳು, ಪಲ್ಯ, ಕಡಲೆ ಎಲ್ಲವನ್ನೂ ಸದ್ದಿಲ್ಲದೆ ಬಿಟ್ಟಿದ್ದರು. ರಾತ್ರಿ ಸಕ್ಕರೆ ಏರುತ್ತದೆಂಬ ಹೆದರಿಕೆಯಿಂದ ಒಂದು ಲೋಟ ಮಜ್ಜಿಗೆ.

ಹೀಗೆ ಇಳಿದದ್ದು ಬರಿಯ ಕೊಬ್ಬಲ್ಲ, ಮಾಂಸಖಂಡ ಎಂದರು ವೈದ್ಯರು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯುಬಲ ಕುಂದಿದೆಯೆಂದು ಲೆಕ್ಕ. ಅಮ್ಮನಿಗೆ ಇಪ್ಪತ್ತೆರಡಾಯಿತು. ಸ್ಪರ್ಶವಿಲ್ಲದ ಪಾದ, ಬಲವಿಲ್ಲದ ತೊಡೆ: ಬೀಳುವುದಕ್ಕೆ ಇನ್ನೇನು ಬೇಕು? ನಮ್ಮ ದೇಶದವರಿಗೆ ಮೈತೂಕದ ಒಂದೊಂದು ಕಿಲೋವಿಗೂ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿದ್ದಾರೆ. ಅಮ್ಮನ ಲೆಕ್ಕಕ್ಕೆ ಅದು 46 ಗ್ರಾಂ. ಅವರ ಮುದ್ದೆ, ತಿಳಿಸಾರಿನಲ್ಲಿ ಅದರ ಅರ್ಧವೂ ಬರುವಂತಿರಲಿಲ್ಲ. ಹಲ್ಲು ಸರಿಮಾಡಿಸಿದೆವು. ಬೆಂದ ಹೆಸರುಬೇಳೆ, ಮೊಸರು, ಮೊಟ್ಟೆ, ಕಾಲಕ್ಕೆ ಹಿತಕಿದ ಅವರೆಬೇಳೆ ಬಂದುವು. ಮಾತ್ರೆಯನ್ನು ವೈದ್ಯರು ಬದಲಾಯಿಸಿದರು. ದಿನಕ್ಕೆ ಎರಡು ಸಲ, ಕೈಯೂರದೆ, ಹತ್ತು ಬಾರಿ ಕುರ್ಚಿ ಕಸರತ್ತು.

ಹೀಗಾಗಿ ನಮ್ಮ ಅಡಿಗೆಮನೆಯಲ್ಲಿ ಒಂದೇ ಒಲೆಯ ಮೇಲೆ ಎರಡು ನೀತಿ. ನನಗೆ ಬಡಿಸುವಾಗ ಸೌಟನ್ನು ಹಿಂದಕ್ಕೆ ಎಳೆಯಬೇಕು, ಅಮ್ಮನಿಗೆ ಬಡಿಸುವಾಗ ಮುಂದಕ್ಕೆ ಚಾಚಬೇಕು. ಬಡಿಸುವ ಕೈ ಅಮ್ಮನದೇ ಆದ್ದರಿಂದ ಹಲವು ತಿಂಗಳು ಇದು ತಲೆಕೆಳಗಾಗಿಯೇ ನಡೆಯಿತು. ಹೊಟ್ಟೆತುಂಬ ತಿನ್ನದ ಮಗಳನ್ನು ನೋಡುವುದು ಯಾವ ತಾಯಿಗೂ ಕಷ್ಟ.

ರಾತ್ರಿ ಒಂಬತ್ತಕ್ಕೆ ಪಾದಪೂಜೆ ನಡೆಯುತ್ತದೆ. ಅಮ್ಮ ದಿವಾನದ ಮೇಲೆ ಕಾಲು ಚಾಚುತ್ತಾರೆ. ನಾನು ಕನ್ನಡಕ ಹಾಕಿಕೊಂಡು ಅಂಗಾಲು, ಹಿಮ್ಮಡಿ, ಬೆರಳ ಸಂದಿ ಎಲ್ಲ ನೋಡುತ್ತೇನೆ. ಬಿರುಕಿಗೆ ಮುಲಾಮು, ಬೆರಳ ಸಂದಿಗೆ ಮಾತ್ರ ಹಚ್ಚಬಾರದು, ಅಲ್ಲಿ ಒಣಗಿರಬೇಕು. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಯನ್ನು ಕೆದಕಕೂಡದು. ಬಿಸಿನೀರಿನ ಶಾಖವಿಲ್ಲ, ಮಂಜುಗಡ್ಡೆಯೂ ಇಲ್ಲ. ಮಂಜುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುವ ಸುಖ ನನ್ನೊಬ್ಬಳಿಗೇ. ನಾನು ಕಾಲೇಜಿನ ಕೆಲಸಕ್ಕೆ ಊರು ಬಿಟ್ಟ ದಿನ ಅಮ್ಮ ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು ತಾವೇ ನೋಡಿಕೊಳ್ಳುತ್ತಾರೆ. ಮೊದಲ ಸಲ ಹಾಗೆ ನೋಡಿಕೊಂಡ ದಿನ ನನಗೆ ಫೋನು ಮಾಡಿ, ‘ಎಪ್ಪತ್ತಮೂರು ವರ್ಷಕ್ಕೆ ನನ್ನ ಅಂಗಾಲು ನೋಡಿದೆ ಕಣೇ. ಥೇಟು ನಮ್ಮಮ್ಮಂದೇ’ ಎಂದರು. ನಮ್ಮಜ್ಜಿ ಬೆಟ್ಟ ಹತ್ತಿ ಇಳಿದು ಸೌದೆ ಹೊತ್ತವರು. ನಾನು ಅವರನ್ನು ನೋಡಿಲ್ಲ.

ನನ್ನ ಮೊಳೆ ಏಳು ತಿಂಗಳಿಗೆ ಹೋಯಿತು. ತೂಕ 65ಕ್ಕೆ ಬಂದು ನಿಂತಿದೆ, ಅಲ್ಲಿಂದ ಕದಲಲೊಲ್ಲದು. ಅಮ್ಮ 59 ಆಗಿದ್ದಾರೆ. ಐದು ಸಲ ಎದ್ದು ಕೂರುವುದು ಹದಿನಾಲ್ಕು ಸೆಕೆಂಡಿಗೆ ಬಂದಿದೆ. ಪಾದದ ಸ್ಪರ್ಶ ತಿರುಗಿ ಬಂದಿಲ್ಲ, ಬರುವುದೂ ಇಲ್ಲ. ಸಂಜೆ ಇಬ್ಬರೂ ದೊಡ್ಡಬೊಮ್ಮಸಂದ್ರದ ಕೆರೆಯ ಕಡೆ ನಡೆಯುತ್ತೇವೆ. ಕಾಂಕ್ರೀಟು ಬಿಟ್ಟು ಮಣ್ಣು ಇರುವ ಕಡೆ ಹುಡುಕಿಕೊಂಡು ನಡೆಯುವುದರಿಂದ ನಮ್ಮ ನಡಿಗೆ ಅಂಕುಡೊಂಕು. ಕಳೆದ ವಾರ ಅಮ್ಮನ ಚಪ್ಪಲಿಯ ಅಟ್ಟೆ ಹಿಮ್ಮಡಿಯ ಕಡೆ ಚಪ್ಪಟೆಯಾದದ್ದು ಕಂಡಿತು. ಹೊಸ ಜೊತೆಗೆ ಅಳತೆ ಕೊಡಬೇಕು. ಪಾದ ಸ್ವಲ್ಪ ಊದುವ ಸಂಜೆಯ ಹೊತ್ತಿನಲ್ಲಿ ಅಳತೆ ಕೊಡಿ ಎಂದಿದ್ದಾರೆ. ಈ ಸಲ ಎರಡು ಜೊತೆ ಬೇಕಂತೆ ಅಮ್ಮನಿಗೆ. ಒಂದು ಮೊದಲಿನಂತೆ ಕರಿದು, ಅಡಿಗೆಮನೆಗೆ. ಇನ್ನೊಂದು ಮರೂನ್ ಬಣ್ಣದ್ದು ಸಿಗುತ್ತದೆಯೇ ಎಂದು ಕೇಳಿಕೊಂಡು ಬಾ ಎಂದಿದ್ದಾರೆ, ಮದುವೆಮನೆಗಳಿಗೆ.